ಒಂದೇ ಗದ್ದೆ, ಒಂದೇ ಸೊಳ್ಳೆ: ಮಿದುಳು ಜ್ವರ ಒಂದು ಮಗುವಿಗೆ ಮಾತ್ರ ಏಕೆ?

ಗದ್ದೆಯಂಚು, ಗಂಗಾವತಿ

ತುಂಗಭದ್ರಾ ಎಡದಂಡೆಯ ಭತ್ತದ ಸೀಮೆಯಲ್ಲಿ ವಿಜ್ಞಾನದ ಮೇಷ್ಟ್ರು ನಾನು. ನಾಟಿ ಮುಗಿದು ಗದ್ದೆಯಲ್ಲಿ ನೀರು ನಿಂತಿತೆಂದರೆ ಇಲ್ಲಿ ಸೊಳ್ಳೆ ಕಚ್ಚದ ಮೈ ಇಲ್ಲ. ಕೊಕ್ಕರೆಗಳಿವೆ, ಊರಂಚಿನಲ್ಲಿ ಹಂದಿಗಳಿವೆ. ಸೊಳ್ಳೆಯಿಂದ ಹರಡಿ ಮಿದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್ ವೈರಾಣುವಿಗೆ ಬೇಕಾದುದೆಲ್ಲ ಇದೆ. ಹೀಗಿದ್ದೂ ಮಿದುಳು ಜ್ವರ ಬರುವುದು ಎಲ್ಲೋ ಒಂದು ಮಗುವಿಗೆ. ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ ಮಲಗಿದ ಅಣ್ಣನಿಗೆ ಏನೂ ಆಗುವುದಿಲ್ಲ. ಮಕ್ಕಳು ಇದನ್ನು ಕೇಳಿದಾಗ 'ರೋಗನಿರೋಧಕ ಶಕ್ತಿ' ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆ ಶಕ್ತಿ ಯಾವುದು? ಮಿದುಳಿನ ಒಳಗೆ ಅದು ಮಾಡುವುದೇನು? ತಿಳಿದವರು ಬಿಡಿಸಿ ಹೇಳಬೇಕು. ಹೈಸ್ಕೂಲಿನ ಮಟ್ಟಕ್ಕೆ ಇಳಿಸಬೇಕಿಲ್ಲ, ಆ ಕೆಲಸ ನಾನು ಮಾಡಿಕೊಳ್ಳುತ್ತೇನೆ.

ಮಕ್ಕಳ ವೈದ್ಯ, ರಾಯಚೂರು

ಮೇಷ್ಟ್ರೇ, ಮೊದಲು ಲೆಕ್ಕ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಈ ವೈರಾಣು ಮೈಯೊಳಗೆ ಹೊಕ್ಕ ಸುಮಾರು 250 ಜನರಲ್ಲಿ ಒಬ್ಬರಿಗೆ ಕಾಯಿಲೆ ತೀವ್ರವಾಗುತ್ತದೆ. ಉಳಿದವರಿಗೆ ಸಣ್ಣ ಜ್ವರ, ಇಲ್ಲವೇ ಅದೂ ಇಲ್ಲ. ಆದರೆ ತೀವ್ರವಾದ ಆ ಒಬ್ಬರ ಪಾಡು ಬಹಳ ಕಷ್ಟ. ಅಂಥವರಲ್ಲಿ ಶೇ 30ರವರೆಗೆ ಸಾವು, ಬದುಕಿದವರಲ್ಲೂ ಶೇ 20ರಿಂದ 30ರಷ್ಟು ಮಂದಿಗೆ ಶಾಶ್ವತ ತೊಂದರೆ. ಫಿಟ್ಸ್, ಕೈಕಾಲು ಸೆಡೆತ, ಮಾತು ನಿಲ್ಲುವುದು, ಮುಖದಲ್ಲಿ ಭಾವನೆಯೇ ಕಾಣದಿರುವುದು. ಈ ವೈರಾಣುವಿಗೆ ಮಿದುಳಿನ ಆಳದಲ್ಲಿರುವ ಥಲಾಮಸ್ ಎಂದರೆ ವಿಶೇಷ ಒಲವು, ಎಂಆರ್‌ಐ ಚಿತ್ರದಲ್ಲಿ ಎರಡೂ ಬದಿಯ ಥಲಾಮಸ್ ಬೆಳ್ಳಗೆ ಕಾಣುವುದುಂಟು. 249 ಜನ ಹೇಗೆ ಪಾರಾದರು ಎಂಬ ಪ್ರಶ್ನೆ ನಿಜಕ್ಕೂ ದೊಡ್ಡದು. ನಾನು ನೋಡುವುದು ಪಾರಾಗದೆ ಬಂದವರನ್ನು. ಪ್ರಯೋಗಾಲಯದವರು ಯಾರಾದರೂ ಇದ್ದರೆ ಮುಂದುವರಿಸಲಿ.

ನರಜಾಲ, ಬೆಂಗಳೂರು

ನರಮಂಡಲದ ವೈರಾಣುಗಳ ಮೇಲೆಯೇ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೇಷ್ಟ್ರು ಕೇಳಿದ ಶಕ್ತಿಯಲ್ಲಿ ಮೊದಲು ಹೆಸರಿಸಬೇಕಾದದ್ದು ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಒಂದು ಸರಳ ಪ್ರಯೋಗ ಮಾಡಿದರು. ಕೋಳಿಮೊಟ್ಟೆಯ ಒಳಪೊರೆಯ ತುಂಡುಗಳನ್ನು, ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಾಣುವಿನ ಜೊತೆ ದ್ರವದಲ್ಲಿ ಇಟ್ಟರು. ಆ ದ್ರವವನ್ನು ಬೇರೆ ಹೊಸ ತುಂಡುಗಳ ಮೇಲೆ ಹಾಕಿ, ಬಳಿಕ ಜೀವಂತ ವೈರಾಣುವನ್ನು ಬಿಟ್ಟರು. ವೈರಾಣು ಬೆಳೆಯಲಿಲ್ಲ. ಮೊದಲ ತುಂಡಿನ ಜೀವಕೋಶಗಳು ಹೊರಗೆ ಬಿಟ್ಟ ಯಾವುದೋ ಪ್ರೋಟೀನ್ ಎರಡನೆಯ ತುಂಡನ್ನು ಕಾದಿತ್ತು. ಅದೇ ಇಂಟರ್‌ಫೆರಾನ್. ಅದು ವೈರಾಣುವನ್ನು ತಾನಾಗಿ ಮುಟ್ಟುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಊರಿನ ಒಂದು ಮನೆಗೆ ಕಳ್ಳ ನುಗ್ಗಿದಾಗ ಉಳಿದ ಮನೆಗಳಿಗೆ ಡಂಗುರ ಸಾರಿದ ಹಾಗೆ, ಅಕ್ಕಪಕ್ಕದವರು ಬಾಗಿಲು ಭದ್ರ ಮಾಡಿಕೊಳ್ಳುವಂತೆ ಮಾಡುತ್ತದೆ, ಅಷ್ಟೇ.

ಜೀವಕೋಶಕ್ಕೆ ಕಳ್ಳ ಬಂದದ್ದು ತಿಳಿಯುವುದು ಹೇಗೆ? ಜಪಾನೀಸ್ ಎನ್ಸೆಫಲೈಟಿಸ್ ವೈರಾಣುವಿನದು ಒಂಟಿ ಎಳೆಯ ಆರ್‌ಎನ್‌ಎ. ಅದು ತನ್ನ ಪ್ರತಿ ತೆಗೆಯುವಾಗ ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತದೆ. ಆರೋಗ್ಯವಂತ ಜೀವಕೋಶದ ಒಳರಸದಲ್ಲಿ ಅಂಥ ಉದ್ದನೆಯ ಜೋಡಿ ಎಳೆ ಇರುವುದಿಲ್ಲ. ರಿಗ್-ಐ, ಎಂಡಿಎ5, ಟಿಎಲ್‌ಆರ್3 ಎಂಬ ಪ್ರೋಟೀನುಗಳ ಕೆಲಸ ಇಂಥ ಅಪರಿಚಿತ ಆರ್‌ಎನ್‌ಎಯನ್ನು ಪತ್ತೆ ಹಚ್ಚುವುದೇ. ಪತ್ತೆಯಾದೊಡನೆ ಐಆರ್‌ಎಫ್3 ಎಂಬ ಇನ್ನೊಂದು ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಇಂಟರ್‌ಫೆರಾನ್ ಬೀಟಾ ಎಂಬ ಬಗೆಯದರ ಜೀನ್ ಅನ್ನು ಚಾಲೂ ಮಾಡುತ್ತದೆ. ಹೊರಬಂದ ಇಂಟರ್‌ಫೆರಾನ್ ನೆರೆಯ ಜೀವಕೋಶದ ಗ್ರಾಹಕಕ್ಕೆ (ಸಂಕೇತ ಹಿಡಿಯುವ ಮೇಲ್ಮೈ ಪ್ರೋಟೀನಿಗೆ) ಅಂಟಿಕೊಳ್ಳುತ್ತದೆ. ಅಲ್ಲಿ ಸ್ಟಾಟ್1, ಸ್ಟಾಟ್2 ಎಂಬ ಪ್ರೋಟೀನುಗಳು ಎಚ್ಚೆತ್ತು ನೂರಾರು ಜೀನುಗಳನ್ನು ಎಬ್ಬಿಸುತ್ತವೆ. ಅವುಗಳಲ್ಲಿ ಪಿಕೆಆರ್ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಆರ್‌ಎನ್‌ಏಸ್-ಎಲ್ ಆರ್‌ಎನ್‌ಎಯನ್ನು ಚೂರು ಮಾಡುತ್ತದೆ. ವೈಪೆರಿನ್ ಎಂಬುದರ ಕೆಲಸ ಇನ್ನೂ ಸೊಗಸು. ಅದು ಆರ್‌ಎನ್‌ಎ ಕಟ್ಟುವ ಅಕ್ಷರಗಳಲ್ಲಿ ಒಂದರ ನಕಲಿಯನ್ನು ತಯಾರಿಸಿ ಇಡುತ್ತದೆ. ವೈರಾಣು ಆ ನಕಲಿಯನ್ನು ಸೇರಿಸಿಕೊಂಡಿತೋ, ಎಳೆ ಮುಂದೆ ಬೆಳೆಯುವುದಿಲ್ಲ.

ಇದೆಲ್ಲ ಎಷ್ಟು ಮುಖ್ಯ ಎಂಬುದಕ್ಕೆ ವೆಸ್ಟ್ ನೈಲ್ ವೈರಾಣುವಿನ ಪ್ರಯೋಗ ನೋಡಿ. ಅದು ಜಪಾನೀಸ್ ಎನ್ಸೆಫಲೈಟಿಸ್ ವೈರಾಣುವಿನ ಹತ್ತಿರದ ದಾಯಾದಿ. ಇಂಟರ್‌ಫೆರಾನ್ ಗ್ರಾಹಕವೇ ಇಲ್ಲದ ಇಲಿಗಳಿಗೆ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೂ ಕೆಲವೇ ದಿನಗಳಲ್ಲಿ ಎಲ್ಲವೂ ಸತ್ತವು. ಗ್ರಾಹಕವಿದ್ದ ಇಲಿಗಳಲ್ಲಿ ಒಂದು ಪಾಲು ಬದುಕಿ ಉಳಿದವು.

ವೈರಾಣು ಸುಮ್ಮನೆ ಕೂರುವುದಿಲ್ಲ. ಜಪಾನೀಸ್ ಎನ್ಸೆಫಲೈಟಿಸ್ ವೈರಾಣುವಿನ ಎನ್‌ಎಸ್5 ಎಂಬ ಪ್ರೋಟೀನ್ ಸ್ಟಾಟ್1 ಎಚ್ಚರಗೊಳ್ಳುವುದನ್ನೇ ತಡೆಯುತ್ತದೆ. ಸಂಕೇತ ಬಂದರೂ ಸೋಂಕಿತ ಜೀವಕೋಶ ಅದನ್ನು ಕೇಳದಂತಾಗುತ್ತದೆ. ಆದ್ದರಿಂದ ಇದು ಸಮಯದ ಪೈಪೋಟಿ. ಸಂಕೇತ ಬೇಗ ಹೊರಟರೆ ವೈರಾಣು ಚರ್ಮ, ದುಗ್ಧಗ್ರಂಥಿ ದಾಟುವ ಮುನ್ನವೇ ಮುಗಿಯುತ್ತದೆ. ತಡವಾದರೆ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ.

ಐದನೇ ಸೆಮಿಸ್ಟರ್, ಧಾರವಾಡ

ಮೇಡಂ, ನಾನು ಬಿಎಸ್ಸಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ವೈರಾಣು ಹೊಕ್ಕ ಜೀವಕೋಶವನ್ನು ಟಿ ಜೀವಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಕೊಂದುಹಾಕುತ್ತವೆ ಎಂದು ನಮಗೆ ಕಲಿಸಿದ್ದಾರೆ. ನರಕೋಶವನ್ನೂ ಹಾಗೆಯೇ ಕೊಂದರೆ ಮತ್ತೆ ಹುಟ್ಟುವುದಿಲ್ಲವಲ್ಲ? ಹಾಗಾದರೆ ಮಿದುಳು ಸ್ವಚ್ಛವಾಗುವುದು ಹೇಗೆ?

ನರಜಾಲ, ಬೆಂಗಳೂರು

ನೋಡಮ್ಮ, ಈ ಚರ್ಚೆಯ ತಿರುಳನ್ನೇ ಕೇಳಿದ್ದೀಯ.

ಯಕೃತ್ತಿನಲ್ಲಿ ಸೋಂಕಿತ ಜೀವಕೋಶವನ್ನು ಕೊಂದರೆ ಹೊಸದು ಹುಟ್ಟುತ್ತದೆ. ನಿನ್ನ ಬೆನ್ನುಹುರಿಯ ಒಂದು ಚಾಲಕ ನರಕೋಶ ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ನರಕೋಶಗಳ ಮೇಲ್ಮೈಯಲ್ಲಿ ಟಿ ಜೀವಕೋಶಗಳಿಗೆ ಗುರುತು ತೋರಿಸುವ ಎಂಎಚ್‌ಸಿ ಅಣುಗಳು ಬಹಳ ಕಡಿಮೆ ಇರುವುದಕ್ಕೂ ಇದಕ್ಕೂ ಸಂಬಂಧವಿದೆ. ಹಾಗೆಂದು ಸೋಂಕನ್ನು ಬಿಟ್ಟುಬಿಡಲೂ ಆಗದು.

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡಯಾನ್ ಗ್ರಿಫಿನ್ ತಮ್ಮ ಬದುಕಿನ ದೊಡ್ಡ ಭಾಗವನ್ನು ಈ ಪ್ರಶ್ನೆಗೆ ಕೊಟ್ಟವರು. ಸಿಂಡ್‌ಬಿಸ್ ಎಂಬ ವೈರಾಣು ಇಲಿಗಳ ನರಕೋಶಗಳನ್ನೇ ಹಿಡಿಯುತ್ತದೆ. 1991ರಲ್ಲಿ ಅವರ ತಂಡ ತೋರಿಸಿದ್ದು: ರೋಗನಿರೋಧಕ ಶಕ್ತಿಯೇ ಇಲ್ಲದ, ಮಿದುಳಿನಲ್ಲಿ ಸೋಂಕು ಬೇರೂರಿದ ಇಲಿಗಳಿಗೆ ವೈರಾಣುವಿನ ಹೊರಪ್ರೋಟೀನಿಗೆ ಅಂಟುವ ಪ್ರತಿಕಾಯ (ಸೋಂಕನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನ್) ಕೊಟ್ಟರೆ ಸಾಕು, ನರಕೋಶ ಸಾಯದೆ ವೈರಾಣು ಇಳಿಮುಖವಾಗುತ್ತದೆ. 2001ರಲ್ಲಿ ಗ್ವೆಂಡೊಲಿನ್ ಬೈಂಡರ್ ಜೊತೆ ಇನ್ನೊಂದು ಹೆಜ್ಜೆ. ಪ್ರತಿಕಾಯ ತಯಾರಿಸಲಾಗದ ಇಲಿಗಳಲ್ಲಿಯೂ ಟಿ ಜೀವಕೋಶಗಳು ಬೆನ್ನುಹುರಿ ಮತ್ತು ಮಿದುಳಿನ ಕಾಂಡದ ನರಕೋಶಗಳಿಂದ ವೈರಾಣುವನ್ನು ತೆರವು ಮಾಡಿದವು. ಅವು ಬಳಸಿದ್ದು ಇನ್ನೊಂದು ಬಗೆಯ ಇಂಟರ್‌ಫೆರಾನ್ ಗಾಮಾ. ಕೊಲ್ಲಲಿಲ್ಲ, ಸಂಕೇತ ಕೊಟ್ಟವು. ವೈರಾಣುವನ್ನು ತಡೆದದ್ದು ನರಕೋಶ ತಾನೇ.

ಅದೇ ಪ್ರಯೋಗದಲ್ಲಿ ನನ್ನನ್ನು ಹಿಡಿದಿಟ್ಟದ್ದು ಇನ್ನೊಂದು ಸಂಗತಿ. ಮಿದುಳಿನ ಹೊರಪದರದ ನರಕೋಶಗಳಲ್ಲಿ ಈ ಇಂಟರ್‌ಫೆರಾನ್ ಗಾಮಾ ಫಲ ಕೊಡಲಿಲ್ಲ. ಒಂದೇ ಇಲಿ, ಒಂದೇ ಅಣು, ಬೆನ್ನುಹುರಿಯಲ್ಲಿ ಗೆಲುವು, ಹೊರಪದರದಲ್ಲಿ ಸೋಲು. ಹನ್ನೆರಡು ವರ್ಷಗಳ ನಂತರ, 2013ರಲ್ಲಿ, ಸೇಂಟ್ ಲೂಯಿಸ್‌ನ ತಂಡವೊಂದು ಕಿರುಮಿದುಳಿನ ಕಣ ನರಕೋಶಗಳನ್ನು ಹೊರಪದರದ ನರಕೋಶಗಳೊಂದಿಗೆ ಹೋಲಿಸಿ ನೋಡಿತು. ಕಿರುಮಿದುಳಿನವುಗಳಲ್ಲಿ ಇಂಟರ್‌ಫೆರಾನ್ ಎಬ್ಬಿಸುವ ಕೆಲವು ಜೀನುಗಳು ಸೋಂಕಿಗೆ ಮುಂಚೆಯೇ ಹೆಚ್ಚು ಚುರುಕಾಗಿದ್ದವು. ನಾನು ಮೊದಲು ಹೇಳಿದ ವೈಪೆರಿನ್ ಅವುಗಳಲ್ಲಿ ಒಂದು. ವೈರಾಣು ಮಿದುಳಿನ ಕೆಲವು ಜಾಗಗಳನ್ನೇ ಆರಿಸಿಕೊಂಡಂತೆ ಕಾಣುವುದಕ್ಕೆ ಇದೊಂದು ಕಾರಣ.

ಐದನೇ ಸೆಮಿಸ್ಟರ್, ಧಾರವಾಡ

ತುಂಬಾ ಧನ್ಯವಾದ ಮೇಡಂ. ಆದರೆ ರಕ್ತದಲ್ಲಿರುವುದೆಲ್ಲ ಮಿದುಳಿಗೆ ಹೋಗದಂತೆ ತಡೆಯುವ ರಕ್ತ-ಮಿದುಳು ತಡೆ ಇದೆಯಲ್ಲ? ಟಿ ಜೀವಕೋಶಗಳನ್ನು ಒಳಗೆ ಕರೆಯುವವರು ಯಾರು?

ನರಜಾಲ, ಬೆಂಗಳೂರು

ನರಕೋಶವೇ ಕರೆಯುತ್ತದೆ. ಸೇಂಟ್ ಲೂಯಿಸ್‌ನ ರಾಬಿನ್ ಕ್ಲೈನ್ ತಂಡ 2005ರಲ್ಲಿ ತೋರಿಸಿದಂತೆ, ವೆಸ್ಟ್ ನೈಲ್ ಹೊಕ್ಕ ನರಕೋಶಗಳು ಸಿಎಕ್ಸ್‌ಸಿಎಲ್10 ಎಂಬ ಕೀಮೊಕೈನ್ ಅನ್ನು (ಜೀವಕೋಶಗಳನ್ನು ಕರೆಯುವ ಸಂಕೇತ ಅಣುವನ್ನು) ಹೊರಬಿಡುತ್ತವೆ. ಅದರ ಜಾಡು ಹಿಡಿದು ಸಿಡಿ8 ಎಂಬ ಬಗೆಯ ಟಿ ಜೀವಕೋಶಗಳು ಬರುತ್ತವೆ. ಅದನ್ನು ತಯಾರಿಸುವ ಜೀನ್ ಇಲ್ಲದ ಇಲಿಗಳಲ್ಲಿ ಟಿ ಜೀವಕೋಶಗಳು ಕಡಿಮೆ ಬಂದವು, ವೈರಾಣು ಹೆಚ್ಚಾಯಿತು, ಸಾವೂ ಹೆಚ್ಚಾಯಿತು.

ಮನುಷ್ಯರಲ್ಲಿ ಇದಕ್ಕೆ ಸಾಕ್ಷಿ ಇನ್ನೊಂದು ಕೀಮೊಕೈನ್ ಗ್ರಾಹಕದಿಂದ ಸಿಕ್ಕಿತು. ಸಿಸಿಆರ್5 ಎಂಬ ಗ್ರಾಹಕದ ಜೀನಿನ ಎರಡೂ ಪ್ರತಿ ಕೆಟ್ಟಿರುವವರು ಯುರೋಪ್ ಮೂಲದ ಜನರಲ್ಲಿ ಇದ್ದಾರೆ. ಅವರಿಗೆ ಎಚ್‌ಐವಿ ಸುಲಭಕ್ಕೆ ಅಂಟುವುದಿಲ್ಲ ಎಂಬುದು ಪ್ರಸಿದ್ಧ ಸಂಗತಿ. ಆದರೆ ಅಮೆರಿಕದಲ್ಲಿ ವೆಸ್ಟ್ ನೈಲ್ ರೋಗಿಗಳನ್ನು ಪರೀಕ್ಷಿಸಿದಾಗ ಅಂಥವರೇ ನಿರೀಕ್ಷೆಗಿಂತ ಹೆಚ್ಚು ಸಿಕ್ಕರು. ಒಂದು ವೈರಾಣುವಿನಿಂದ ಕಾಪಾಡಿದ ಕೊರತೆ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿತ್ತು.

ಸಂಕೇತ ಅಣುಗಳೆಲ್ಲ ಬಾಗಿಲು ತೆರೆಯುವಂಥವು ಎಂದುಕೊಳ್ಳಬೇಡ. ಇಂಟರ್‌ಫೆರಾನ್ ಲ್ಯಾಂಬ್ಡಾ ರಕ್ತ-ಮಿದುಳು ತಡೆಯನ್ನು ಇನ್ನಷ್ಟು ಬಿಗಿ ಮಾಡಿ ವೈರಾಣು ಒಳನುಗ್ಗುವುದನ್ನು ಕಡಿಮೆ ಮಾಡುತ್ತದೆ ಎಂದು 2015ರಲ್ಲಿ ಇಲಿಗಳಲ್ಲಿ ಗೊತ್ತಾಯಿತು.

ಔಷಧಿ ಅಂಗಡಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನದು ಮಾತ್ರೆ ಔಷಧಿ ಕೊಡುವ ಕಸುಬು, ಹಾಗಾಗಿ ಈ ಪ್ರಶ್ನೆ. ಇಷ್ಟು ಒಳ್ಳೆಯ ಅಣು ಇದ್ದರೆ ಮಿದುಳು ಜ್ವರ ಬಂದ ಮಗುವಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಟ್ಟರೆ ಆಯಿತಲ್ಲವೇ? ಹೆಪಟೈಟಿಸ್‌ಗೆ ಕೊಡುತ್ತಿದ್ದುದನ್ನು ನೋಡಿದ್ದೇನೆ. ಜನ ಬಂದು ಇಮ್ಯುನಿಟಿ ಹೆಚ್ಚಿಸುವ ಟಾನಿಕ್, ಅಮೃತಬಳ್ಳಿ ಮಾತ್ರೆ ಕೇಳುತ್ತಾರೆ. ಅದರಿಂದಲಾದರೂ ಈ ಸಂಕೇತಗಳು ಹೆಚ್ಚುತ್ತವೆಯೇ?

ಮಕ್ಕಳ ವೈದ್ಯ, ರಾಯಚೂರು

ಇಂಜೆಕ್ಷನ್ ಕೊಟ್ಟು ನೋಡಿದ್ದಾರೆ ಸ್ವಾಮಿ. ವಿಯೆಟ್ನಾಂನಲ್ಲಿ ಟಾಮ್ ಸಾಲೊಮನ್ ಮತ್ತು ಸಂಗಡಿಗರು ಜಪಾನೀಸ್ ಎನ್ಸೆಫಲೈಟಿಸ್ ಶಂಕಿತ 112 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇಂಟರ್‌ಫೆರಾನ್ ಆಲ್ಫಾ-2ಎ ಅನ್ನು 7 ದಿನ ಕೊಟ್ಟರು, ಇನ್ನೊಂದಕ್ಕೆ ಔಷಧವಿಲ್ಲದ ದ್ರವ. ಯಾರಿಗೆ ಯಾವುದು ಎಂದು ವೈದ್ಯರಿಗೂ ಗೊತ್ತಿರಲಿಲ್ಲ. ಫಲಿತಾಂಶ 2003ರಲ್ಲಿ ಬಂತು: ಸಾವಿನಲ್ಲೂ ಅಂಗವೈಕಲ್ಯದಲ್ಲೂ ವ್ಯತ್ಯಾಸ ಕಾಣಲಿಲ್ಲ.

ಅದಕ್ಕೆ ಮುಂಚೆ ಥಾಯ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿದ್ದರು. ಊತ ಇಳಿಸುವ, ಈ ಸಂಕೇತಗಳನ್ನೆಲ್ಲ ತಗ್ಗಿಸುವ ಡೆಕ್ಸಾಮೆಥಸೋನ್ ಅನ್ನು 65 ರೋಗಿಗಳ ಪರೀಕ್ಷೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಟ್ಟರು. 1992ರ ಆ ವರದಿಯಲ್ಲೂ ಪ್ರಯೋಜನ ಕಾಣಲಿಲ್ಲ. ಏರಿಸಿದರೂ ಇಲ್ಲ, ಇಳಿಸಿದರೂ ಇಲ್ಲ. ಫಿಟ್ಸ್ ನಿಲ್ಲಿಸುವುದು, ಉಸಿರು ನೋಡಿಕೊಳ್ಳುವುದು, ತಲೆಯೊಳಗಿನ ಒತ್ತಡ ಇಳಿಸುವುದು, ದ್ರವಾಂಶ ಸರಿದೂಗಿಸುವುದು, ಇವತ್ತಿಗೂ ನಮ್ಮ ಚಿಕಿತ್ಸೆ ಇಷ್ಟೇ. ಹಾಸಿಗೆಯ ಪಕ್ಕ ನಿಂತು ಇದನ್ನು ಪೋಷಕರಿಗೆ ಹೇಳುವುದು ಎಷ್ಟು ಕಷ್ಟವೆಂದು ಬರೆದು ತಿಳಿಸಲಾರೆ.

ಟಾನಿಕ್ ವಿಚಾರ. ಅಮೃತಬಳ್ಳಿ ಕಷಾಯದಿಂದ ಮಿದುಳು ಜ್ವರ ತಡೆಯಬಹುದು ಎಂಬುದಕ್ಕೆ ಆಧಾರವಿಲ್ಲ. ದಯವಿಟ್ಟು ಆ ಹೆಸರಿನಲ್ಲಿ ಮಾರಬೇಡಿ. ಅದನ್ನು ಕೊಂಡ ತಾಯಿ ಲಸಿಕೆ ಬೇಡವೆಂದುಕೊಂಡರೆ ನಷ್ಟ ಮಗುವಿಗೆ.

ನರಜಾಲ, ಬೆಂಗಳೂರು

ಡಾಕ್ಟರು ಹೇಳಿದ ವಿಯೆಟ್ನಾಂನಿಂದಲೇ ಇನ್ನೊಂದು ಮಾಹಿತಿ ಸೇರಿಸುತ್ತೇನೆ. 2004ರ ವರದಿಯೊಂದರಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ರೋಗಿಗಳ ಬೆನ್ನುಹುರಿ ದ್ರವದಲ್ಲಿ ಈ ಸಂಕೇತ ಅಣುಗಳನ್ನು ಅಳೆದರು. ತೀರಿಕೊಂಡವರಲ್ಲಿ ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಹೆಚ್ಚಿದ್ದವು. ಇಂಟರ್‌ಫೆರಾನ್ ಆಲ್ಫಾ ಕೂಡ ಹೆಚ್ಚೇ ಇತ್ತು! ಅಂದರೆ ಸತ್ತವರಿಗೆ ಇಂಟರ್‌ಫೆರಾನ್ ಸಾಲದೆ ಹೋಯಿತು ಎನ್ನುವ ಹಾಗಿಲ್ಲ. ಅದು ಬರಬೇಕಾದ ದಿನ ಬರಲಿಲ್ಲ, ಬರಬೇಕಾದ ಜಾಗದಲ್ಲಿ ಬರಲಿಲ್ಲ. ಮಗು ಮಂಕಾಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ವೈರಾಣು ನರಕೋಶಗಳಲ್ಲಿ ತನ್ನ ಕೆಲಸ ಬಹುಪಾಲು ಮುಗಿಸಿರುತ್ತದೆ. ಥಾಯ್ಲೆಂಡಿನಲ್ಲಿ 1980ರ ದಶಕದಲ್ಲೇ ಕಂಡುಕೊಂಡಂತೆ, ಬೆನ್ನುಹುರಿ ದ್ರವದಲ್ಲಿ ಜೀವಂತ ವೈರಾಣು ಸಿಕ್ಕವರು ಮತ್ತು ಐಜಿಎಂ (ಸೋಂಕಿನ ಆರಂಭದಲ್ಲಿ ಮೂಡುವ) ಪ್ರತಿಕಾಯ ಕಡಿಮೆ ಇದ್ದವರು ಹೆಚ್ಚಾಗಿ ಉಳಿಯಲಿಲ್ಲ.

ಇಂಟರ್‌ಫೆರಾನ್ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಂಡವರು ಐಕಾರ್ಡಿ-ಗುಟಿಯೇ ಸಿಂಡ್ರೋಮ್ ಬಗ್ಗೆ ತಿಳಿಯಬೇಕು. 1984ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ವಿವರಿಸಿದ ಆನುವಂಶಿಕ ಕಾಯಿಲೆ ಇದು. ತಮ್ಮದೇ ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನು ಸರಿಯಾಗಿ ವಿಲೇವಾರಿ ಮಾಡಲಾಗದ ಈ ಮಕ್ಕಳ ಜೀವಕೋಶಗಳು ವೈರಾಣು ಬಂದಿದೆಯೆಂದು ಭ್ರಮಿಸಿ ಹುಟ್ಟಿದಂದಿನಿಂದ ಇಂಟರ್‌ಫೆರಾನ್ ಸುರಿಸುತ್ತಲೇ ಇರುತ್ತವೆ. ಮಿದುಳಿನಲ್ಲಿ ಸುಣ್ಣದಂಶ ಕಟ್ಟುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ನೋಡಿದವರಿಗೆ ಗರ್ಭದಲ್ಲೇ ವೈರಾಣು ಸೋಂಕು ತಗುಲಿದೆ ಎನಿಸುತ್ತದೆ, ವೈರಾಣು ಮಾತ್ರ ಎಲ್ಲೂ ಇರುವುದಿಲ್ಲ. ಅಂಥ ಮಕ್ಕಳಿಗೆ ಈಗ ಕೊಡುವುದು ಬ್ಯಾರಿಸಿಟಿನಿಬ್‌ನಂಥ, ಈ ಸಂಕೇತವನ್ನು ಅಡಗಿಸುವ ಔಷಧ.

ಔಷಧಿ ಅಂಗಡಿ, ಮಂಡ್ಯ

ಅರ್ಥವಾಯಿತು. ನಮ್ಮ ಜಿಲ್ಲೆಯಲ್ಲೂ ಕಬ್ಬು, ಭತ್ತ, ಸೊಳ್ಳೆ ಎಲ್ಲ ಇವೆ. ಅಂಗಡಿಗೆ ಬಂದವರಿಗೆ ಲಸಿಕೆಯ ಮಾತನ್ನೇ ಹೇಳುತ್ತೇನೆ.

ಗದ್ದೆಯಂಚು, ಗಂಗಾವತಿ

ಇಷ್ಟು ವಿವರ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ಆದರೂ ಅಣ್ಣ-ತಮ್ಮನ ಪ್ರಶ್ನೆ ಹಾಗೆಯೇ ಉಳಿದಿದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನಲ್ಲಿ ಸಂಕೇತ ಬೇಗ, ಇನ್ನೊಬ್ಬನಲ್ಲಿ ತಡ, ಏಕೆ?

ನರಜಾಲ, ಬೆಂಗಳೂರು

ಮೇಷ್ಟ್ರೇ, ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿರುವುದು ಇನ್ನೊಂದು ವೈರಾಣುವಿನಲ್ಲಿ. ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುತ್ತದಲ್ಲ, ಆ ಹರ್ಪಿಸ್ ಸಿಂಪ್ಲೆಕ್ಸ್-1. ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು ಮೂರನೇ ಎರಡು ಭಾಗದ ಜನರೊಳಗೆ ಅದಿದೆ. ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಮಾತ್ರ ಅದು ಮಿದುಳಿಗೆ ಏರುತ್ತದೆ. ಅದಕ್ಕೆ ಮದ್ದಾದ ಅಸೈಕ್ಲೋವಿರ್ ಬರುವ ಮುನ್ನ ಅಂಥವರಲ್ಲಿ ಸುಮಾರು ಶೇ 70 ಮಂದಿ ಸಾಯುತ್ತಿದ್ದರು.

ಪ್ಯಾರಿಸ್‌ನಲ್ಲಿ ಜೀನ್-ಲೋರಾಂ ಕಸನೋವಾ ಅವರ ತಂಡ ಈ ಮಕ್ಕಳನ್ನು ಹಿಡಿದು ಕೂತಿತು. ಅವರಿಗೆ ಬೇರೆ ಸೋಂಕುಗಳೇನೂ ಕಾಡುತ್ತಿರಲಿಲ್ಲ, ರಕ್ತಪರೀಕ್ಷೆಗಳೆಲ್ಲ ಸರಿಯಿದ್ದವು. 2006ರಲ್ಲಿ ಯುಎನ್‌ಸಿ93ಬಿ ಎಂಬ ಜೀನ್‌ನಲ್ಲಿ, 2007ರಲ್ಲಿ ಟಿಎಲ್‌ಆರ್3ರಲ್ಲೇ ದೋಷ ಸಿಕ್ಕಿತು. ನನ್ನ ಮೊದಲ ಬರಹದಲ್ಲಿ ಹೇಳಿದ ಅದೇ ಟಿಎಲ್‌ಆರ್3. 2012ರಲ್ಲಿ ಇದನ್ನು ಇನ್ನೂ ಹತ್ತಿರದಿಂದ ನೋಡಿದರು. ಇಂಥ ರೋಗಿಯ ಚರ್ಮದ ಜೀವಕೋಶವನ್ನು ಕಾಂಡಕೋಶವಾಗಿ ಹಿಂದಿರುಗಿಸಿ, ಅದರಿಂದ ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸಿ, ವೈರಾಣು ಬಿಟ್ಟರು. ಆರೋಗ್ಯವಂತರ ನರಕೋಶಕ್ಕಿಂತ ಅವುಗಳಲ್ಲಿ ವೈರಾಣು ಬಹಳ ಹೆಚ್ಚು ಬೆಳೆಯಿತು. ಹೊರಗಿನಿಂದ ಇಂಟರ್‌ಫೆರಾನ್ ಮೊದಲೇ ಹಾಕಿಟ್ಟಾಗ ಆ ನರಕೋಶಗಳಿಗೂ ರಕ್ಷಣೆ ಸಿಕ್ಕಿತು. ಮೊದಲೇ ಎಂಬುದನ್ನು ಗಮನಿಸಿ. ರಕ್ತದ ಜೀವಕೋಶಗಳಿಗೆ ಇಂಟರ್‌ಫೆರಾನ್ ಎಬ್ಬಿಸಲು ಬೇರೆ ದಾರಿಗಳಿವೆ, ಆದ್ದರಿಂದ ಮೈಯ ಬೇರೆಡೆ ಆ ಮಕ್ಕಳಿಗೆ ತೊಂದರೆಯಾಗಲಿಲ್ಲ. ಮಿದುಳು ಮಾತ್ರ ಆ ಒಂದೇ ಪ್ರೋಟೀನನ್ನು ಅಷ್ಟು ನಂಬಿಕೊಂಡಿತ್ತು.

ಇನ್ನು ಅಣ್ಣ-ತಮ್ಮ. ಅದೇ ದೋಷವಿದ್ದ ಕೆಲವು ಬಂಧುಗಳಿಗೆ ವೈರಾಣು ತಗುಲಿಯೂ ಏನೂ ಆಗಿರಲಿಲ್ಲ. ಸೋಂಕು ತಗುಲಿದ ವಯಸ್ಸು, ಒಳಹೊಕ್ಕ ವೈರಾಣುವಿನ ಪ್ರಮಾಣ, ಉಳಿದ ಜೀನುಗಳು, ಇವೆಲ್ಲ ಸೇರುತ್ತವೆ. ತಮ್ಮನಿಗೆ ಸೊಳ್ಳೆ ಕಚ್ಚಿದ್ದು ಅಣ್ಣನಿಗೆ ಕಚ್ಚಿದ ಅದೇ ವಯಸ್ಸಿನಲ್ಲಿ ಅಲ್ಲ. ಅಣ್ಣನಿಗೆ ಹಿಂದೆಯೇ ಗೊತ್ತಾಗದಂತೆ ಸೋಂಕು ತಗುಲಿ ಪ್ರತಿಕಾಯ ಬೆಳೆದಿರಬಹುದು. ನಮ್ಮ ಭತ್ತದ ಸೀಮೆಗಳಲ್ಲಿ ಈ ರೋಗ ಹೆಚ್ಚಾಗಿ ಮಕ್ಕಳಲ್ಲೇ ಕಾಣುವುದು ಅದಕ್ಕೇ.

ತುಂಗಾತೀರ

ನನಗೆ ವಿಜ್ಞಾನ ಅಷ್ಟಾಗಿ ತಿಳಿಯದು, ಆದರೆ ಎಲ್ಲವನ್ನೂ ಓದಿದೆ. ಮಕ್ಕಳ ಮಾತಾಯಿತು. ನಮ್ಮ ಮನೆಯವರಿಗೆ 70 ದಾಟಿದೆ. ವಯಸ್ಸಾದವರಲ್ಲಿ ಈ ಸಂಕೇತ ಹೇಗಿರುತ್ತದೆ?

ನರಜಾಲ, ಬೆಂಗಳೂರು

ಅಮ್ಮಾ, ಒಳ್ಳೆಯ ಪ್ರಶ್ನೆ. ಇದು ಕಳೆದ ಕೆಲವು ವರ್ಷಗಳಲ್ಲಷ್ಟೇ ತಿಳಿದುಬಂದ ವಿಷಯ. ಕೆಲವರ ದೇಹ ತನ್ನದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಸಂಕೇತ ಹೊರಡುತ್ತದೆ, ದಾರಿಯಲ್ಲೇ ತಡೆಯಲ್ಪಡುತ್ತದೆ. 70 ದಾಟಿದವರಲ್ಲಿ ಸುಮಾರು ಶೇ 4 ಮಂದಿಯಲ್ಲಿ ಇಂಥ ಪ್ರತಿಕಾಯ ಇರುತ್ತದೆ, ಎಳೆಯರಲ್ಲಿ ತೀರಾ ಅಪರೂಪ. ಕೋವಿಡ್ ಸಮಯದಲ್ಲಿ ಇದು ಮೊದಲು ದೊಡ್ಡದಾಗಿ ಗಮನಕ್ಕೆ ಬಂತು. 2023ರಲ್ಲಿ ಕಸನೋವಾ ತಂಡವೇ ವೆಸ್ಟ್ ನೈಲ್ ಮಿದುಳು ಜ್ವರದ ರೋಗಿಗಳನ್ನು ಪರೀಕ್ಷಿಸಿತು. ಸುಮಾರು ಶೇ 40 ಮಂದಿಯಲ್ಲಿ ಈ ಪ್ರತಿಕಾಯ ಇತ್ತು! ಒಂದು ಸೋಂಕು ರೋಗ ಇಷ್ಟು ದೊಡ್ಡ ಪಾಲಿನ ಜನರಲ್ಲಿ ಏಕೆ ತೀವ್ರವಾಯಿತು ಎಂಬುದಕ್ಕೆ ಒಂದೇ ಕಾರಣ ಸಿಗುವುದು ಬಹಳ ಅಪರೂಪ. ವೆಸ್ಟ್ ನೈಲ್ ನಮ್ಮ ನೆರೆಯ ಕೇರಳದಲ್ಲೂ ಇದೆ. ಹಾಗೆಂದು ಹೆದರಬೇಡಿ. ಸಂಜೆಯ ಮೇಲೆ ಸೊಳ್ಳೆಪರದೆ, ಪೂರ್ತಿ ತೋಳಿನ ಅಂಗಿ, ಹಿರಿಯರಿಗೂ ಇದು ಮಕ್ಕಳಷ್ಟೇ ಅಗತ್ಯ.

ಸೊರಬದವನು

ನಮ್ಮ ಮಂಗನ ಕಾಯಿಲೆಯನ್ನು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಮೇಡಂ ಹೇಳಿದ 1957ರಲ್ಲೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಈ ರೋಗ ಬೆಳಕಿಗೆ ಬಂದದ್ದು. ಉಣ್ಣೆ (ಉಣುಗು, ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಜ್ವರ ಬರುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಕೆಲವರಿಗೆ ಮೂರನೇ ವಾರದ ಹೊತ್ತಿಗೆ ಮತ್ತೆ ಏರಿ, ಈ ಬಾರಿ ವಿಪರೀತ ತಲೆನೋವು, ನಡುಕ, ಮಂಪರು. ನಮ್ಮ ಕಡೆ ಕಾಡಿಗೆ ದರಗು (ಒಣಗಿದ ಎಲೆ) ಗುಡಿಸಿ ತರಲು ಹೋದವರಲ್ಲಿ ಇದನ್ನು ಕಂಡಿದ್ದೇವೆ. ಅದೂ ಇದೇ ಕುಟುಂಬದ ವೈರಾಣುವೇ?

ನರಜಾಲ, ಬೆಂಗಳೂರು

ಹೌದು, ಜಪಾನೀಸ್ ಎನ್ಸೆಫಲೈಟಿಸ್, ವೆಸ್ಟ್ ನೈಲ್ ವೈರಾಣುಗಳಂತೆ ಅದೂ ಫ್ಲಾವಿವೈರಸ್ ಗುಂಪಿನದೇ. ಉಣ್ಣೆಯಿಂದ ಹರಡುವ ಗುಂಪಿನದು, ಯುರೋಪಿನ ಉಣ್ಣೆ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ್ದು. ಆ ಯುರೋಪಿನ ಕಾಯಿಲೆಯೂ ಹೀಗೆಯೇ ಎರಡು ಹಂತದಲ್ಲಿ ಬರುತ್ತದೆ. ತೀವ್ರವಾದ ಅಲ್ಲಿನ ರೋಗಿಗಳಲ್ಲಿ ಸುಮಾರು ಶೇ 10 ಮಂದಿಗೆ ನಾನು ಮೇಲೆ ಹೇಳಿದ ಇಂಟರ್‌ಫೆರಾನ್ ವಿರೋಧಿ ಪ್ರತಿಕಾಯ ಇತ್ತು. ಮಂಗನ ಕಾಯಿಲೆಯಲ್ಲಿ ಎರಡನೇ ಹಂತಕ್ಕೆ ಹೋಗುವವರು ಶೇ 10ರಿಂದ 20. ಇವರ ರಕ್ತದಲ್ಲಿ ಮೊದಲ ವಾರದ ಸಂಕೇತ ಅಣುಗಳು ಹೇಗಿದ್ದವು ಎಂಬುದನ್ನು ಶಿವಮೊಗ್ಗ, ಉತ್ತರ ಕನ್ನಡದ ರೋಗಿಗಳಲ್ಲೇ ವ್ಯವಸ್ಥಿತವಾಗಿ ಅಳೆಯಬೇಕು ಎಂಬುದು ನನ್ನ ಬಹುದಿನದ ಆಸೆ. ಬೇರೆ ದೇಶದವರು ಬಂದು ಮಾಡುವ ಕೆಲಸ ಇದಲ್ಲ. ರೋಗ ನಮ್ಮದು, ಕಾಡು ನಮ್ಮದು. ಹಳೆಯ ಲಸಿಕೆ 2022ರಿಂದ ನಿಂತಿದೆ, ಹೊಸದರ ಕೆಲಸ ನಡೆಯುತ್ತಿದೆ. ಅದು ಬೇಗ ಕಾಡಂಚಿನ ಮನೆಗಳಿಗೆ ತಲುಪಲಿ.

ಐದನೇ ಸೆಮಿಸ್ಟರ್, ಧಾರವಾಡ

ರೇಬೀಸ್ ಏಕೆ ಬಹುತೇಕ ಎಲ್ಲರನ್ನೂ ಕೊಲ್ಲುತ್ತದೆ ಮೇಡಂ? ಅಲ್ಲಿ ಈ ಸಂಕೇತಗಳು ಬರುವುದಿಲ್ಲವೇ?

ನರಜಾಲ, ಬೆಂಗಳೂರು

ಅದು ಸಂಕೇತ ಏಳಲು ಬಿಡುವುದೇ ಇಲ್ಲ ಎನ್ನಬಹುದು. ರೇಬೀಸ್ ವೈರಾಣುವಿನ ಪಿ ಪ್ರೋಟೀನ್ ಐಆರ್‌ಎಫ್3 ಅನ್ನೂ ತಡೆಯುತ್ತದೆ, ಸ್ಟಾಟ್ ಪ್ರೋಟೀನುಗಳನ್ನೂ ತಡೆಯುತ್ತದೆ. ಕಡಿದ ಜಾಗದಿಂದ ನರದ ಎಳೆಯೊಳಗೇ ಸಾಗುವುದರಿಂದ ರಕ್ತದಲ್ಲಿ ಸುಳಿವಿಲ್ಲ. ರಕ್ತ-ಮಿದುಳು ತಡೆ ಮುಚ್ಚಿಯೇ ಇರುವುದರಿಂದ ಟಿ ಜೀವಕೋಶಗಳು, ಪ್ರತಿಕಾಯಗಳು ಒಳಗೆ ಸರಿಯಾಗಿ ಬರಲಾರವು. ಪ್ರಯೋಗಾಲಯದಲ್ಲಿ ದುರ್ಬಲಗೊಳಿಸಿದ ರೇಬೀಸ್ ತಳಿಯನ್ನು ಇಲಿಗೆ ಕೊಟ್ಟರೆ ಕೀಮೊಕೈನ್‌ಗಳು ಏಳುತ್ತವೆ, ತಡೆ ಸಡಿಲವಾಗುತ್ತದೆ, ಇಲಿ ಬದುಕುತ್ತದೆ. ಆದ್ದರಿಂದಲೇ ನಾಯಿ ಕಡಿದ ದಿನವೇ ಗಾಯವನ್ನು ಸೋಪಿನಿಂದ ಚೆನ್ನಾಗಿ ತೊಳೆದು, ಲಸಿಕೆಯನ್ನೂ, ಚರ್ಮ ಸೀಳಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಅನ್ನೂ ಕೊಡಿಸಲೇಬೇಕು. ವೈರಾಣು ನರ ಹೊಕ್ಕ ಮೇಲೆ ಕಾಲ ಮಿಂಚುತ್ತದೆ.

ಗದ್ದೆಯಂಚು, ಗಂಗಾವತಿ

ಇನ್ನೊಂದು ವಿಷಯ. ಮಿದುಳು ಜ್ವರದಿಂದ ಗುಣವಾಗಿ ಶಾಲೆಗೆ ಮರಳಿದ ಮಕ್ಕಳಲ್ಲಿ ಕೆಲವರು ಮೊದಲಿನಂತೆ ಇರುವುದಿಲ್ಲ. ನಿನ್ನೆ ಹೇಳಿದ್ದು ಇಂದು ನೆನಪಿರುವುದಿಲ್ಲ. ಮಗ್ಗಿ ಬರುತ್ತಿದ್ದ ಹುಡುಗಿ ಏಳರ ಮಗ್ಗಿಯ ಅರ್ಧಕ್ಕೆ ನಿಂತು ನನ್ನ ಮುಖ ನೋಡುತ್ತಾಳೆ. ವೈರಾಣು ಹೋಗಿದೆ ಎಂದ ಮೇಲೆ ಇದೇಕೆ?

ನರಜಾಲ, ಬೆಂಗಳೂರು

ಇದನ್ನು ಓದಿ ಮನಸ್ಸು ಭಾರವಾಯಿತು ಮೇಷ್ಟ್ರೇ. ಕ್ಲೈನ್ ಅವರ ತಂಡ ಇದೇ ಪ್ರಶ್ನೆಯನ್ನು ವೆಸ್ಟ್ ನೈಲ್‌ನಿಂದ ಚೇತರಿಸಿಕೊಂಡ ಇಲಿಗಳಲ್ಲಿ ಕೇಳಿತು. ದಾರಿ ನೆನಪಿಡುವ ಪರೀಕ್ಷೆಯಲ್ಲಿ ಆ ಇಲಿಗಳು ಸೋಲುತ್ತಿದ್ದವು, ಆದರೆ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ನರಕೋಶಗಳು ಬದುಕೇ ಇದ್ದವು. ಇಲ್ಲವಾದದ್ದು ನರಕೋಶಗಳ ನಡುವಿನ ಸಂಧಿಗಳು. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳು ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನುಗಳು ಅಂಟಿಸಿದ ಗುರುತು ಹಿಡಿದು ಆ ಸಂಧಿಗಳನ್ನು ನುಂಗಿದ್ದವು. ಇದು 2016ರ ವರದಿ. ಮೈಕ್ರೋಗ್ಲಿಯಾಗಳನ್ನು ಹೀಗೆ ಪ್ರಚೋದಿಸುತ್ತಿದ್ದುದು ಯಾವುದೆಂದು 2019ರಲ್ಲಿ ತಿಳಿಯಿತು. ಸೋಂಕು ಮುಗಿದ ಮೇಲೂ ಮಿದುಳಿನಲ್ಲಿ ಉಳಿದ ಟಿ ಜೀವಕೋಶಗಳು ಬಿಡುವ ಇಂಟರ್‌ಫೆರಾನ್ ಗಾಮಾ. ಗ್ರಿಫಿನ್ ಅವರ ಇಲಿಗಳಲ್ಲಿ ನರಕೋಶವನ್ನು ಉಳಿಸಿದ ಅದೇ ಅಣು. ಅಲ್ಲಿ ಅದು ಸೋಂಕಿನ ದಿನಗಳಲ್ಲಿ ದುಡಿದಿತ್ತು, ಇಲ್ಲಿ ಸೋಂಕು ಹೋದ ಮೇಲೂ ನಿಲ್ಲಲಿಲ್ಲ.

ಆ ಹುಡುಗಿಯ ವಿಷಯದಲ್ಲಿ ಒಂದು ಮಾತು. ಅವಳದು ಸೋಮಾರಿತನ ಎಂದು ಮನೆಯವರು ಬೈಯದಂತೆ ನೋಡಿಕೊಳ್ಳಿ. ಮಕ್ಕಳ ನರರೋಗ ತಜ್ಞರಿಗೆ ತೋರಿಸಿ ಪುನರ್ವಸತಿ ಚಿಕಿತ್ಸೆ ಕೊಡಿಸುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯ ಇದೆ. ಸಂಧಿಗಳು ಮತ್ತೆ ಬೆಳೆಯಬಲ್ಲವು, ಎಳೆಯ ಮಿದುಳಿನಲ್ಲಿ ವಿಶೇಷವಾಗಿ.

ಗದ್ದೆಯಂಚು, ಗಂಗಾವತಿ

ಖಂಡಿತ ಮಾತನಾಡುತ್ತೇನೆ ಮೇಡಂ. ಮುಂದಿನ ಪೋಷಕರ ಸಭೆಯಲ್ಲಿ ಲಸಿಕೆಯ ಮಾತೂ ಎತ್ತುತ್ತೇನೆ. ಡಾಕ್ಟರೇ, ಅವರಿಗೆ ಏನು ಹೇಳಲಿ?

ಮಕ್ಕಳ ವೈದ್ಯ, ರಾಯಚೂರು

ಲಸಿಕೆ ಎರಡು ಸಲ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯ ಜೊತೆ ಮೊದಲನೆಯದು, 16ರಿಂದ 24 ತಿಂಗಳೊಳಗೆ ಎರಡನೆಯದು. ರೋಗದ ಹಾವಳಿ ಇರುವ ಜಿಲ್ಲೆಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತಪ್ಪಿಹೋಗುವುದು ಹೆಚ್ಚಾಗಿ ಎರಡನೆಯದು, ಮಗು ಓಡಾಡಲು ಶುರುಮಾಡಿತೆಂದರೆ ತಾಯಂದಿರು ತಾಯಿ ಕಾರ್ಡ್ ಅನ್ನು ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ. ಸಭೆಗೆ ಬರುವಾಗ ಅದನ್ನು ತರಲು ಹೇಳಿ, ಚಿಕ್ಕ ತಮ್ಮ-ತಂಗಿಯರದ್ದನ್ನು ಅಲ್ಲೇ ತೆರೆದು ನೋಡಿ. ಮೇಡಂ ಹೇಳಿದ ಸಮಯದ ಪೈಪೋಟಿಯಲ್ಲಿ ಲಸಿಕೆ ಪಡೆದ ಮಗುವಿನ ರಕ್ತದಲ್ಲಿ ಪ್ರತಿಕಾಯ ಮೊದಲೇ ಸಿದ್ಧವಿರುವುದರಿಂದ ವೈರಾಣು ಮಿದುಳಿನವರೆಗೆ ಹೋಗುವುದೇ ಕಷ್ಟ. ಪೋಷಕರಿಗೆ ಇನ್ನೊಂದನ್ನೂ ತಿಳಿಸಿ: ನಮ್ಮ ದೇಶದಲ್ಲೇ ತಯಾರಾಗುವ ಜೆನ್‌ವ್ಯಾಕ್ ಎಂಬ ಲಸಿಕೆಗೆ ಮೂಲವಾದ ವೈರಾಣು ತಳಿ ದೊರೆತದ್ದು ನಮ್ಮ ಕೋಲಾರದ ರೋಗಿಯೊಬ್ಬರಲ್ಲಿ.

ಜ್ವರದ ಜೊತೆ ವಾಂತಿ, ಫಿಟ್ಸ್, ಮಂಕು ಕವಿಯುವುದು, ಹೆಸರು ಕರೆದರೆ ತಿರುಗದಿರುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಅಂದೇ ರಾತ್ರಿ 108ಕ್ಕೆ ಕರೆ ಮಾಡಲಿ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಗೆ ಬಹಳಷ್ಟು ಪೋಷಕರು ಹೆದರಿ ಒಪ್ಪುವುದಿಲ್ಲ. ಅದರಿಂದ ಲಕ್ವ ಹೊಡೆಯುತ್ತದೆ ಎಂಬ ಮಾತು ನಮ್ಮ ಸೀಮೆಯಲ್ಲಿ ಓಡಾಡುತ್ತಿದೆ, ಅದು ನಿಜವಲ್ಲ. ಐಜಿಎಂ ಗೊತ್ತಾಗುವುದು, ಅಸೈಕ್ಲೋವಿರ್‌ನಿಂದ ಗುಣವಾಗುವ ಹರ್ಪಿಸ್ ಇದೆಯೋ ಎಂದು ತಿಳಿಯುವುದು ಆ ದ್ರವದಿಂದಲೇ. ಸಭೆಯ ದಿನ ತಿಳಿಸಿ, ಬಿಡುವು ಮಾಡಿಕೊಂಡು ನಾನೂ ಬಂದು ಇದನ್ನು ಅವರಿಗೆ ವಿವರಿಸುತ್ತೇನೆ.